ತಿರುಗಿ ಬರಬೇಕಾದ ಬೆಲ್

ನಾನು ಬರೆದದ್ದು ಒಂದೇ ಒಂದು ನಾಟಕ. ಅದರಿಂದಲೇ ಇದ್ದ ಒಬ್ಬ ಗೆಳೆಯನನ್ನೂ ಕಳೆದುಕೊಂಡೆ. ಇನ್ನೊಂದು ಬರೆಯುವ ಧೈರ್ಯ ನನಗಿಲ್ಲ.

ಕೆಜಿಎಫ್‌ನ ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ಗುಮಾಸ್ತನಾಗಿದ್ದೆ, ಹಾಸನದ ಕಡೆಯವನು. ಆ ಗೆಳೆಯ ಇಲ್ಲಿಯವನೇ. ಗಣಿ ಮುಚ್ಚುವವರೆಗೂ ಸುರಂಗದಲ್ಲಿ ದುಡಿದು, ಆಮೇಲೆ ನಮ್ಮಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ್ದ. ಎಳೆಯ ವಯಸ್ಸಿನಲ್ಲಿ, ಗಣಿಯ ಆಳದಲ್ಲಿ ಪ್ರಯೋಗ ನಡೆಸುತ್ತಿದ್ದ ವಿಜ್ಞಾನಿಗಳ ಪೆಟ್ಟಿಗೆಗಳನ್ನು ಹೊತ್ತಿದ್ದನಂತೆ. “ಆಕಾಸದಿಂದ ಬೀಳೋ ಕಣ ಇಡಿಯಾಕೆ ಪಾತಾಳಕ್ಕೆ ಇಳೀತಿದ್ರು ಕಣ್ಲಾ. ಏನ್ ತಲೆ ಕೆಟ್ಟೋರೋ ಏನೋ!” ಎಂದು ನಗುತ್ತಿದ್ದ. ಆ ಮಾತಿನಿಂದಲೇ ನನ್ನ ನಾಟಕ ಹುಟ್ಟಿತು.

ಕತೆ ಇಷ್ಟೇ. ಒಂದೇ ಪ್ರಯೋಗಾಲಯದಲ್ಲಿ ಓದಿದ ಇಬ್ಬರು ಭೌತವಿಜ್ಞಾನಿಗಳು. ಯುದ್ಧ ಬಂದಾಗ ಒಬ್ಬ ಅಣುಬಾಂಬಿನ ಕೆಲಸಕ್ಕೆ ಸೇರುತ್ತಾನೆ, ಇನ್ನೊಬ್ಬ ಒಲ್ಲೆ ಅನ್ನುತ್ತಾನೆ. ಬಾಂಬು ಬಿದ್ದ ಮೇಲೆ ಮೊದಲನೆಯವನು ಗೆಳೆಯನ ಬಾಗಿಲಿಗೆ ಬಂದು ಕ್ಷಮಿಸು ಎಂದು ಅಳುತ್ತಾನೆ. ಗೆಳೆಯ ಬಾಯಿ ಬಿಡುವುದಿಲ್ಲ. ಅಲ್ಲಿಗೆ ಪರದೆ. ಒಲ್ಲೆ ಎಂದವನ ಪಾರ್ಟು ನನ್ನ ಗೆಳೆಯನದು. ಆ ಕೊನೆ ಮಾತ್ರ ಅವನಿಗೆ ಸರಿಬರಲೇ ಇಲ್ಲ.

“ಒಂದ್ ಮಾತಾದ್ರೂ ತಿರುಗಿ ಏಳ್ಬೇಕು ಕಣ್ಲಾ. ಗಣೀಲಿ ಕೇಜ್ ಅಂತ ಲಿಫ್ಟ್ ಇರ್ತಿತ್ತಲ್ಲ, ಅದ್ನ ಇಳಿಸ್ಬೇಕಾದ್ರೆ ಏನ್ ಮಾಡ್ತಿದ್ವಿ ಗೊತ್ತಾ? ಒಳಗೆ ಜನ ಅವ್ರೆ ಅಂತ ಮೂರು ಬೆಲ್ ಒಡೀತಿದ್ವಿ. ಎಂಜಿನ್ ರೂಮಿನೋನು ತಿರುಗಿ ಮೂರು ಒಡೀಬೇಕು. ಎರಡು ಒಡುದ್ರೆ ಆಗಾಕಿಲ್ಲ, ಮೂರೇ. ಅಲ್ಲೀಗಂಟ ಕೇಜ್ ಅಲ್ಲಾಡಂಗಿಲ್ಲ. ಅವ್ನ ಬೆಲ್ಲನ್ನ ಅವ್ನೇ ಒಡೀಬೇಕು, ಬ್ಯಾರೇರು ಮುಟ್ಟಂಗಿಲ್ಲ.”

“ಮೌನದಲ್ಲೇ ನಾಟಕ ಇರೋದು ಕಣೋ. ನಿನಗದೆಲ್ಲ ತಿಳಿಯಲ್ಲ, ಸುಮ್ಮನಿರು,” ಎಂದೆ. ದೊಡ್ಡ ಪಂಡಿತ ನಾನು!

ರಾಜ್ಯೋತ್ಸವದ ನಾಟಕ ಸ್ಪರ್ಧೆಗೆ ಹತ್ತು ದಿನವಿರುವಾಗ ಅವನ ಕೆಮ್ಮು ಜೋರಾಯಿತು. ಗಣಿಯ ದೂಳು ಎದೆಯಲ್ಲಿ ಕೂತಿತ್ತು. ಮಾತಿನ ನಡುವೆ ಗೋಡೆ ಹಿಡಿದು ನಿಲ್ಲುತ್ತಿದ್ದ. ನನಗೆ ಬಹುಮಾನದ ಹುಚ್ಚು. ಅವನಿಗೆ ಒಂದು ಮಾತೂ ಹೇಳದೆ ಪಾರ್ಟನ್ನು ಬೇರೆಯವನಿಗೆ ಕೊಟ್ಟೆ. ಮರುದಿನ ರಿಹರ್ಸಲ್‌ಗೆ ಬಂದವನು ಬಾಗಿಲಲ್ಲೇ ನಿಂತ. ಅವನು ವೇಷಕ್ಕೆಂದು ಮನೆಯಿಂದ ತಂದುಕೊಟ್ಟಿದ್ದ ಅವನಪ್ಪನ ಕರಿಕೋಟು ಇನ್ನೊಬ್ಬನ ಮೈಮೇಲಿತ್ತು.

“ಓಗ್ಲಿ ಬುಡು. ನಂಗೇನ್ ಕೆಲ್ಸ?” ಎಂದ.

ನಾಟಕ ಶುರುವಾಗುವ ಬೆಲ್ ಹೊಡೆದು ಪರದೆ ಎಳೆಯುವ ಕೆಲಸ ಕೊಟ್ಟೆ. ನಾಚಿಕೆಗೆಟ್ಟವನು ನಾನು, ಕೊಟ್ಟೇಬಿಟ್ಟೆ.

ಸ್ಪರ್ಧೆಯ ದಿನ ಅವನು ಮೂರು ಬೆಲ್ ಹೊಡೆದು, ಪರದೆಯ ಹಗ್ಗ ಹಿಡಿದು ಹಾಗೇ ನಿಂತ. ಪರದೆ ಏಳಲಿಲ್ಲ. ತೀರ್ಪುಗಾರರು ಗಡಿಯಾರ ನೋಡತೊಡಗಿದರು. ಅವನು ತಿರುಗುಬೆಲ್ಲಿಗೆ ಕಾಯುತ್ತಿದ್ದಾನೆಂದು ನನಗೆ ಹೊಳೆಯಲೇ ಇಲ್ಲ. ಸಭೆಯಲ್ಲಿದ್ದ ಹಳೆಯ ಗಣಿ ಕೆಲಸಗಾರರಿಗೆ ಹೊಳೆಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಬ್ಬಿಣದ ಕುರ್ಚಿಯ ಮೇಲೆ ಮೂರು ಸಲ ಕುಟ್ಟಿದರು. ಅವನ ಮುಖ ಅರಳಿತು, ಹಗ್ಗ ಎಳೆದ.

ನಾಟಕ ಮುಗಿದ ಮೇಲೆ, ಬಹುಮಾನ ಕೈತಪ್ಪಿದ ಸಿಟ್ಟಿಗೆ, ಎಲ್ಲರ ಎದುರೂ ಕೂಗಿದೆ: “ಒಂದು ಬೆಲ್ ಹೊಡೆಯೋ ಯೋಗ್ಯತೆಯೂ ಇಲ್ವೇನೋ ನಿನಗೆ?”

ಅವನು ನನ್ನ ಮುಖವನ್ನೇ ನೋಡಿದ. ಒಂದು ಮಾತೂ ತಿರುಗಿ ಆಡಲಿಲ್ಲ. ಕೋಟನ್ನೂ ಕೇಳದೆ ಹೋದ. ಕೆಲಸ ಬಿಟ್ಟು ಬಂಗಾರಪೇಟೆಯ ಮಗಳ ಮನೆ ಸೇರಿದನೆಂದು ಆಮೇಲೆ ಗೊತ್ತಾಯಿತು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಹೋಗಿ ಕಾಲು ಹಿಡಿಯಬೇಕಿತ್ತು. ನಾಳೆ, ನಾಡಿದ್ದು ಅಂತ ವರ್ಷ ಕಳೆದೆ.

ಕೊನೆಗೆ ಅವನ ಮಗಳೇ ಫೋನ್ ಮಾಡಿ, ಅಪ್ಪ ಇನ್ನು ಹೆಚ್ಚು ದಿನ ಇರಲ್ಲ ಎಂದಳು. ಕೋಟನ್ನು ಒಗೆಸಿ, ಇಸ್ತ್ರಿ ಮಾಡಿಸಿ, ಮಾರಿಕುಪ್ಪಂನಿಂದ ಬಂಗಾರಪೇಟೆಗೆ ಹೋಗುವ ಮಧ್ಯಾಹ್ನದ ರೈಲು ಹತ್ತಿದೆ. ಮಗಳ ಮನೆಯಲ್ಲಿ ಅವನು ಕಬ್ಬಿಣದ ಮಂಚದ ಮೇಲಿದ್ದ. ಮುಖಕ್ಕೆ ಆಕ್ಸಿಜನ್ ಮಾಸ್ಕ್. ಎದೆ ಏಳುವುದು ಬೀಳುವುದು ನೋಡಲಾಗುತ್ತಿರಲಿಲ್ಲ.

“ಮಾತಾಡಾಕಾಗಲ್ಲ ಮಾಮ. ಆದ್ರೆ ಎಲ್ಲಾ ಕೇಳಿಸ್ತದೆ,” ಎಂದಳು ಮಗಳು.

ಹೇಳಿದೆ. ಕೋಟಿನ ವಿಷಯ, ಆ ಮಾತಿನ ವಿಷಯ, ಎಲ್ಲ. ತಪ್ಪಾಯಿತು ಕಣೋ, ಕ್ಷಮಿಸೋ ಎಂದು ಅತ್ತೆ. ಅವನು ಸೂರು ನೋಡುತ್ತಿದ್ದ. ನಾನು ಬರೆದ ಕೊನೆಯ ದೃಶ್ಯದಲ್ಲಿ ನಾನೇ ನಿಂತಿದ್ದೆ. ದೇವರೇ, ಅದೆಂಥ ಹೊಲಸು ದೃಶ್ಯ ಬರೆದಿದ್ದೆ!

ಬೇರೇನೂ ತೋಚದೆ ಮಂಚದ ಸರಳಿನ ಮೇಲೆ ಬೆರಳ ಗೆಣ್ಣಿನಿಂದ ಮೂರು ಸಲ ಕುಟ್ಟಿದೆ.

ಅವನ ಕಣ್ಣು ನನ್ನ ಕಡೆ ತಿರುಗಿತು. ಸರಳಿನ ಮೇಲಿದ್ದ ಕೈ ಅಲ್ಲಾಡಿತು. ಬೆರಳೆತ್ತಿ ಒಂದು ಸಲ ಕುಟ್ಟಿದ. ತುಂಬ ಹೊತ್ತು ಬಿಟ್ಟು ಇನ್ನೊಂದು ಸಲ. ಬೆರಳು ಮತ್ತೆ ಮೇಲೆದ್ದಿತು, ಅಲ್ಲೇ ನಡುಗಿತು, ಹಾಸಿಗೆಯ ಮೇಲೆ ಬಿತ್ತು.

ಅವನ ಬೆರಳು ಹಿಡಿದು ಮೂರನೆಯದನ್ನು ನಾನೇ ಕುಟ್ಟಿಸಿಬಿಡೋಣ ಅನ್ನಿಸಿತು. ಕೈ ಹತ್ತಿರ ಹೋಯಿತು ಕೂಡ. ಬೇರೆಯವರು ಮುಟ್ಟುವ ಹಾಗಿಲ್ಲ ಎಂದಿದ್ದನಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು, ತೊಡೆಯ ಮೇಲೆ ಕೋಟು ಇಟ್ಟುಕೊಂಡು ಕಾದೆ. ನಾನು ವಾಪಸು ಹಿಡಿಯಬೇಕಿದ್ದ ರೈಲು ಹೊರಟಿತು. ಮಗಳು ಬಂದು, ಮಾಸ್ಕ್ ಸರಿಸಿ, ಅವನ ಮೂಗಿನ ಬಳಿ ಕೈಯಿಟ್ಟು ನೋಡಿ ಕಿರುಚಿದಳು. ನಾನು ಇನ್ನೂ ಆ ಬೆರಳನ್ನೇ ನೋಡುತ್ತಿದ್ದೆ.