ಹದಿಮೂರನೆಯ ಕೋಳಿಯ ಬೆನ್ನು

ನಾನು ಮೋಟಾರ್ ವೈಂಡಿಂಗ್ ಮಾಡುವವನು. ಪಿರಿಯಾಪಟ್ಟಣದಲ್ಲಿ ಸಣ್ಣದೊಂದು ಅಂಗಡಿ ಇದೆ. ಸುಟ್ಟ ಮೋಟಾರು ಬಂದರೆ ಬಿಚ್ಚಿ, ಯಾಕೆ ಸುಟ್ಟಿತು ಎಂದು ಹುಡುಕುವುದೇ ದಿನದ ಕೆಲಸ. ಕಾರಣವಿಲ್ಲದೆ ಯಾವುದೂ ಸುಡುವುದಿಲ್ಲ ಎಂದು ನಂಬಿದವನು. ಯಾರಾದರೂ ದೆವ್ವ, ಗಾಳಿ ಅಂತ ಶುರು ಮಾಡಿದರೆ ಎದ್ದು ಟೀ ಕುಡಿಯಲು ಹೋಗುತ್ತಿದ್ದೆ. ನೀವೂ ಹಾಗೇ ಎದ್ದು ಹೋದರೆ ನನಗೆ ಬೇಸರವಿಲ್ಲ. ಆದರೆ ನಡೆದದ್ದು ನಡೆದದ್ದೇ... ನಾನು ಅದಕ್ಕೆ ಒಂದು ಮಾತನ್ನೂ ಸೇರಿಸಿಲ್ಲ.

ನನ್ನ ಹೆಂಡತಿ ಮಂಗಳ ಹನ್ನೆರಡು ನಾಟಿ ಹೇಂಟೆ ಸಾಕಿದ್ದಳು. ಮನೆ ಹಿಂದೆ ಅಪ್ಪನ ಕಾಲದ, ಹೊಗೆಸೊಪ್ಪು ಒಣಗಿಸಿ ಹದ ಮಾಡುವ ಬ್ಯಾರನ್ ಇದೆ. ಎತ್ತರದ ಮಣ್ಣಿನ ಗೋಡೆ, ಒಂದೇ ಬಾಗಿಲು, ಕಿಟಕಿ ಇಲ್ಲ. ನಾವು ಹೊಗೆಸೊಪ್ಪು ಬೆಳೆಯುವುದು ಬಿಟ್ಟ ಮೇಲೆ ಅದೇ ಕೋಳಿಮನೆ ಆಯಿತು. ಸೊಪ್ಪು ನೇತುಹಾಕುತ್ತಿದ್ದ ಬಿದಿರಿನ ಗಳಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ನನ್ನ ಎದೆಯ ಮಟ್ಟಕ್ಕಿದೆ. ಕತ್ತಲಾದ ಕೂಡಲೇ ಕೋಳಿಗಳು ಅದರ ಮೇಲೆ ಸಾಲಾಗಿ ಕೂರುತ್ತಿದ್ದವು.

ನನಗೆ ಮೊಟ್ಟೆ ಎಂದರೆ ಪ್ರಾಣ. ಕೋಳಿ ಎಂದರೆ ಹೇಸಿಗೆ. ಆ ಹಿಕ್ಕೆ, ಆ ನಾತ, ಹಳೆಯ ಹೊಗೆಸೊಪ್ಪಿನ ಘಾಟು ಸೇರಿ ಬ್ಯಾರನ್ ಒಳಗೆ ಕಾಲಿಟ್ಟರೆ ಗಂಟಲಲ್ಲಿ ಉಪ್ಪುನೀರು ಬರುತ್ತಿತ್ತು. ಹತ್ತು ವರ್ಷದಲ್ಲಿ ಒಂದು ದಿನವೂ ಅವುಗಳಿಗೆ ಕಾಳು ಹಾಕಿದವನಲ್ಲ.

ಭೇರ್ಯದಲ್ಲಿರುವ ಅವಳ ತಂಗಿ ಸವಿತಾಗೆ ಹೆರಿಗೆಯಾಯಿತು. ಮಂಗಳ ನಾಲ್ಕು ದಿನ ಬಾಣಂತಿ ನೋಡಿಕೊಳ್ಳಲು ಹೊರಟಳು. ಹೊರಡುವಾಗ ಬಾಗಿಲಲ್ಲಿ ನಿಂತು ಪಾಠ ಮಾಡಿದಳು.

"ಬೆಳಿಗ್ಗೆ ನುಚ್ಚಿಗೆ ತೌಡು ಕಲಸಿ ಆಕಿ. ಬೇಲಿ ತಾವ ಹುತ್ತದ ಮ್ಯಾಲೆ ಮಡಕೆ ಬೋರಲಾಕಿವ್ನಿ, ಅದ್ರಾಗೆ ಗೆದ್ಲು ತುಂಬಿರ್ತದೆ, ಕೊಡವಿ. ಸಂಜೆ ಬಾಗ್ಲು ಆಕೋ ಮುಂಚೆ ಎಣಿಸ್ಬೇಕು. ಟಾರ್ಚ್ ಬುಡ್ಬೇಡಿ, ಬೆದ್ರಿ ಆರ್ತವೆ, ಆಮೇಲೆ ಮೊಟ್ಟೆ ಇಕ್ಕಲ್ಲ. ಬೆನ್ನು ಮುಟ್ಟಿ ಎಣಿಸ್ರಿ."

"ಕತ್ತಲಲ್ಲಿ ಮುಟ್ಟೋದಾ?"

"ಅವೇನು ಕಚ್ತವಾ? ಹನ್ನೆರಡು. ಬಾಗ್ಲು ಕಡೆಯಿಂದ ಶುರು ಮಾಡ್ಕಳಿ."

ಮೊದಲ ಸಂಜೆ ಏಳೂವರೆಗೆ ಹೋದೆ. ಉಸಿರು ಬಿಗಿಹಿಡಿದು ಕೈ ಚಾಚಿದೆ. ಬೆಚ್ಚಗಿನ, ಮೆತ್ತನೆಯ ಬೆನ್ನು. ಮುಟ್ಟಿದ ಕೂಡಲೇ ಕೋಳಿ ನಿದ್ದೆಯಲ್ಲೇ "ಕೊರ್ರ್..." ಎಂದು ಗಂಟಲೊಳಗೆ ಗೊಣಗಿತು. ಎರಡು. ಮೂರು. ಒಂದೊಂದೂ ಕೊರ್ರ್ ಎನ್ನುತ್ತಿತ್ತು. ಕೋಳಿಹೇನು ಮುಂಗೈ ಮೇಲೆ ಹರಿದಾಡಿದವು. ಹನ್ನೆರಡು ಮುಟ್ಟಿ, ಹೊರಗೆ ಬಂದು, ನಲ್ಲಿ ಕೆಳಗೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದೆ. ಹನ್ನೆರಡನೆಯದರ ಆಚೆ, ಗೋಡೆಯವರೆಗೆ ಇನ್ನೂ ಎರಡು ಮೊಳ ಗಳ ಖಾಲಿ ಇತ್ತು.

ಮರುದಿನ ಬೆಳಿಗ್ಗೆ ಮಡಕೆ ಎತ್ತಿದೆ. ಒಳಗೆ ಸಗಣಿ, ಕೊಳೆತ ಗೋಣಿ ಚೂರು, ಅದರ ತುಂಬ ಬೆಳ್ಳಗೆ ಗಿಜಿಗುಡುವ ಗೆದ್ದಲು. ಮುಖ ಆಚೆ ತಿರುಗಿಸಿ ಕೊಡವಿದೆ. ಹನ್ನೆರಡೂ ಮೇಲೆ ಬಿದ್ದು ಹೆಕ್ಕಿದವು. ಕಾಫಿ ಕುಡಿಯಲಾಗಲಿಲ್ಲ.

ಬ್ಯಾರನ್ ಒಳಗೆ ಕೋಳಿಗಳಿಗೆಂದು ಇಟ್ಟಿದ್ದ ಬುಟ್ಟಿಗಳಲ್ಲಿ ಏಳು ಮೊಟ್ಟೆ ಸಿಕ್ಕವು. ಎಂಟನೆಯದು ಗೋಡೆಯ ಮೂಲೆಯಲ್ಲಿ, ಬರೀ ನೆಲದ ಮೇಲಿತ್ತು. ಉಳಿದವು ಇನ್ನೂ ಬೆಚ್ಚಗಿದ್ದರೆ ಅದು ತಣ್ಣಗಿತ್ತು. ಮೇಲೆಲ್ಲ ಜಿಗುಟು ಪಸೆ. ಚಿಪ್ಪು ಒತ್ತಿದರೆ ಸ್ವಲ್ಪ ಒಳಕ್ಕೆ ಹೋಗಿ ಮತ್ತೆ ಉಬ್ಬುತ್ತಿತ್ತು. ಎಸೆಯಬೇಕಿತ್ತು... ಆದರೆ ಬಾಣಂತಿಗೆ ಎಂದು ಮಂಗಳ ಒಂದೊಂದು ಮೊಟ್ಟೆಗೂ ಕಾಯುತ್ತಿದ್ದಳು. ಟವೆಲಿನಲ್ಲಿ ಒರೆಸಿ ಉಳಿದವುಗಳ ಜೊತೆ ಹೊಟ್ಟು ತುಂಬಿದ ಡಬ್ಬಿಗೆ ಇಟ್ಟೆ. ಕೆ.ಆರ್. ನಗರದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಸವಿತಾಳ ಗಂಡ ಅಲ್ಲಿ ಇಳಿಸಿಕೊಂಡ.

ಆ ಸಂಜೆ ಮತ್ತೆ ಏಳೂವರೆ. ಮಂಗಳ ಫೋನು ಮಾಡಿದಾಗ ನಾನು ಬ್ಯಾರನ್ ಬಾಗಿಲಲ್ಲೇ ಇದ್ದೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಒಳಗೆ ಹೋದೆ.

ಒಳಗೆ ಬೇರೆ ವಾಸನೆ. ಹಿಕ್ಕೆಯದಲ್ಲ. ಸಿಹಿ ಸಿಹಿ... ಹಲಸಿನ ಹಣ್ಣು ಕೊಳೆತು, ಅದರೊಳಗೆ ಇಲಿ ಸತ್ತಂತೆ.

"ಎಣಿಸ್ತಿದೀನಿ ಕಣೆ, ತಡಿ," ಎಂದೆ.

ಒಂದು, ಕೊರ್ರ್. ಎರಡು, ಕೊರ್ರ್... ಈ ದಿನ ಅವು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಬೆನ್ನುಗಳು ನಡುಗುತ್ತಿದ್ದವು. ಹನ್ನೊಂದು. ಹನ್ನೆರಡು. ಮುಗಿಯಿತು ಎಂದು ಕೈ ತೆಗೆಯುವಾಗ ಕಿರುಬೆರಳಿಗೆ ಇನ್ನೊಂದು ತಗುಲಿತು. ಆಚೆ, ಗೋಡೆಯ ಪಕ್ಕದಲ್ಲಿ.

ಅಂಗೈ ಇಟ್ಟೆ.

ತಣ್ಣಗಿತ್ತು. ಒದ್ದೆಯಾಗಿತ್ತು. ಪುಕ್ಕ ಬೆರಳಿಗೆ ಅಂಟಿ ಹಾಗೇ ಕಿತ್ತು ಬಂತು. ಅದರ ಕೆಳಗಿನ ಚರ್ಮ ಹಾಲಿನ ಕೆನೆಯಂತೆ ಸರಿಯಿತು. ಚರ್ಮದ ಒಳಗಡೆ ಏನೋ... ಅಕ್ಕಿಕಾಳಿನಷ್ಟು ದಪ್ಪದ್ದು, ನೂರಾರು... ಒಟ್ಟಿಗೆ ಹೊರಳುತ್ತಿದ್ದವು.

ಕೋಳಿ ಗಳದ ಮೇಲೇ ಸತ್ತು ಕೊಳೆತಿದೆ ಎಂದುಕೊಂಡೆ. ಆ ಕ್ಷಣಕ್ಕೇ ಅದು ನನ್ನ ಅಂಗೈಗೆ ಬೆನ್ನು ಒತ್ತಿತು. ಬೇರೆ ಕೋಳಿಗಳು ಒತ್ತುವ ಹಾಗೇ. ಆಮೇಲೆ, ಸ್ವಲ್ಪ ತಡವಾಗಿ, ನೀರು ತುಂಬಿದ ಗಂಟಲಿನಿಂದ...

"ಕೊ...ರ್ರ್..."

ಕೈ ಹಿಂದಕ್ಕೆ ಎಳೆದುಕೊಂಡೆ.

"ರೀ? ಎಷ್ಟವೆ?" ಫೋನಿನಲ್ಲಿ ಮಂಗಳ.

"ಹದಿಮೂರು."

"ಹನ್ನೆರಡೇ ಕಣ್ರೀ ಇರಾದು. ಎರಡು ಸಲ ಮುಟ್ಟಿದೀರಿ."

"ಇಲ್ಲ ಮಂಗಳ... ಹದಿಮೂರು. ಗೋಡೆ ಪಕ್ಕ ಒಂದಿದೆ. ಅದು ತಣ್ಣಗಿದೆ."

ಆ ಕಡೆ ಕೂಸು ಅಳುವುದು ಕೇಳಿಸುತ್ತಿತ್ತು. ಆಮೇಲೆ ಬಾಗಿಲು ಮುಚ್ಚಿದ ಸದ್ದು. ಎದ್ದು ಆಚೆ ಬಂದಳೇನೋ. ದನಿ ತೀರ ಸಣ್ಣದಾಗಿತ್ತು.

"ರೀ... ಇವತ್ತು ಕಳ್ಸಿದ್ರಲ್ಲ ಮೊಟ್ಟೆ. ಅದ್ರಾಗೆ ಒಂದನ್ನ ಗೋಡೆ ಪಕ್ಕದಿಂದ ತಂದ್ರಾ?"

"ಹೂಂ. ಯಾಕೆ? ಸವಿತಾ ತಿಂದ್ಲಾ?"

"ಆಚೆ ಬನ್ನಿ ಮೊದ್ಲು. ಬಾಗ್ಲು ಆಕ್ಕಂಡು ಬಂದ್ಬುಡಿ. ದೀಪ ಬುಡ್ಬೇಡಿ, ನನ್ನಾಣೆ..."

ಆದರೆ ಎಡಗೈಗೆ ತೆಗೆದುಕೊಂಡ ಫೋನಿನ ಟಾರ್ಚನ್ನು ನನ್ನ ಹೆಬ್ಬೆರಳು ಆಗಲೇ ಒತ್ತಿಯಾಗಿತ್ತು.

ಹನ್ನೆರಡು ಕೋಳಿ. ಅಷ್ಟೇ. ಬಾಗಿಲ ಕಡೆಗೆ ಒಂದರ ಮೇಲೊಂದು ಬೀಳುವಂತೆ ಒತ್ತಿಕೊಂಡಿದ್ದವು. ಬೆಳಕಿಗೆ ಒಂದೂ ಬೆದರಿ ಹಾರಲಿಲ್ಲ, ಒಂದೂ ಕೂಗಲಿಲ್ಲ. ಎಲ್ಲವೂ ಕತ್ತು ಉದ್ದ ಮಾಡಿ ಗೋಡೆಯ ಕಡೆ ನೋಡುತ್ತಿದ್ದವು. ಅಲ್ಲಿ ಗಳ ಖಾಲಿ ಇತ್ತು. ಖಾಲಿ ಗಳದಿಂದ ಕಂದು ಬಣ್ಣದ ಲೋಳೆ ಎಳೆ ಎಳೆಯಾಗಿ ನೆಲಕ್ಕೆ ಇಳಿಯುತ್ತಿತ್ತು. ಗಳ ಮೆಲ್ಲಗೆ ತೂಗುತ್ತಿತ್ತು... ಭಾರದ್ದೇನೋ ಈಗತಾನೇ ಇಳಿದು ಹೋದಂತೆ.

ನನ್ನ ಅಂಗೈಯಲ್ಲಿ ಐದಾರು ಪುಕ್ಕ ಅಂಟಿದ್ದವು. ನಮ್ಮ ಕೋಳಿಗಳಲ್ಲಿ ಯಾವುದಕ್ಕೂ ಇಲ್ಲದ ಬೂದಿ ಬಣ್ಣದವು. ಪುಕ್ಕದ ಬುಡದಲ್ಲಿ ಬಿಳಿ ಹುಳು.

ಹೊರಗೆ ಹೇಗೆ ಬಂದೆನೋ ತಿಳಿಯದು. ನಲ್ಲಿಯ ಹತ್ತಿರ ಕೂತು ಕರುಳು ಕಿತ್ತು ಬರುವಂತೆ ವಾಂತಿ ಮಾಡಿದೆ. ಸೋಪು, ಬೂದಿ, ಹುಣಸೆಹಣ್ಣು, ಕೊನೆಗೆ ಅಂಗಡಿಯ ಪೆಟ್ರೋಲು... ಕೈ ಕೆಂಪಗಾಗುವವರೆಗೆ ತಿಕ್ಕಿದೆ. ಮೂಗಿನ ಹತ್ತಿರ ತಂದರೆ ಅದೇ ಸಿಹಿ ನಾತ.

ಮತ್ತೆ ಫೋನು ಮಾಡಿದೆ. "ಸವಿತಾ ತಿಂದ್ಲಾ ಹೇಳೇ!"

"ಇಲ್ಲ. ಅವ್ಳಿಗಂತ ಮಧ್ಯಾಹ್ನ ಅದ್ನೇ ಮೊದ್ಲು ಒಡೆದೆ. ಎಂಟೂ ತಿಪ್ಪೆಗೆ ಆಕಿ ಮಣ್ಣು ಮುಚ್ದೆ. ಪಾತ್ರೆನೂ ಎಸೆದ್ಬುಟ್ಟೆ."

"ಏನಿತ್ತು ಅದರಲ್ಲಿ?"

ಅವಳು ಫೋನು ಇಟ್ಟಳು.

ಬೆಳಿಗ್ಗೆ ಕೋಳಿ ವ್ಯಾಪಾರದ ಸಲೀಂ ಭಾಯ್‌ಗೆ ಹೇಳಿಕಳಿಸಿದೆ. ಇಪ್ಪತ್ತು ವರ್ಷದಿಂದ ನಮ್ಮೂರ ಕೋಳಿ ಕೊಳ್ಳುವವನು, ನನ್ನ ಹಳೆಯ ಗೆಳೆಯ. ಬಂದು ಬ್ಯಾರನ್ ಪೂರ್ತಿ ನೋಡಿದ. ಗಳದ ಕೆಳಗಿನ ಒದ್ದೆ ಮಣ್ಣಲ್ಲಿ ಹುಳು ಇನ್ನೂ ಮಿಜಿಮಿಜಿ ಎನ್ನುತ್ತಿದ್ದವು. ಕರವಸ್ತ್ರ ಮೂಗಿಗೆ ಒತ್ತಿಕೊಂಡ.

"ಕಾಡುಬೆಕ್ಕು ಎಲ್ಲಿಂದಲೋ ಸತ್ತ ಕೋಳಿ ತಂದಿಟ್ಟದೆ ಅಣ್ಣಾ. ನೀವು ದೀಪ ಬಿಟ್ಟಾಗ ಎತ್ಕೊಂಡು ಓಡಿರ್ತದೆ. ಮೆತ್ತನೆ ಮೊಟ್ಟೆ ಅಂದ್ರಲ್ಲ, ಸುಣ್ಣದ ಅಂಶ ಕಮ್ಮಿ ಆದ್ರೆ ಹಂಗೇ ಆಗ್ತದೆ."

"ಸತ್ತ ಕೋಳಿ ಕೊರ್ರ್ ಅನ್ನುತ್ತಾ ಭಾಯ್?"

ಅವನು ಗೋಡೆಯನ್ನು ಬುಡದಿಂದ ಸೂರಿನವರೆಗೆ ಟಾರ್ಚ್ ಬಿಟ್ಟು ನೋಡಿದ. ಬೆಕ್ಕು ನುಸುಳುವ ತೂತು ಇರಲಿ, ಬೆರಳು ತೂರುವ ಬಿರುಕೂ ಇರಲಿಲ್ಲ. ರಾತ್ರಿ ಬಾಗಿಲಿಗೂ ಆ ಮೂಲೆಗೂ ನಡುವೆ ನಾನೇ ನಿಂತಿದ್ದೆ. ಹೊರಗೆ ಬಂದು, ಏನೂ ಮುಟ್ಟದಿದ್ದರೂ, ನಲ್ಲಿಯಲ್ಲಿ ಕೈ ತೊಳೆದುಕೊಂಡ.

ಮಂಗಳ ಅಂದೇ ಸಂಜೆ ವಾಪಸು ಬಂದಳು. ಚೀಲ ಜಗಲಿಯ ಮೇಲಿಟ್ಟು, ನನ್ನನ್ನು ಬರಬೇಡಿ ಎಂದು ತಡೆದು, ಒಬ್ಬಳೇ ಬ್ಯಾರನ್ ಒಳಗೆ ಹೋದಳು. ಐದು ನಿಮಿಷ ಆಗಿರಬಹುದು. ಹೊರಗೆ ಬಂದಾಗ ಸೆರಗಿನಿಂದ ಅಂಗೈ ಒರೆಸಿಕೊಳ್ಳುತ್ತಿದ್ದಳು.

"ನಾಳೆ ಸಲೀಂ ಭಾಯ್ಗೆ ಕೊಟ್ಬುಡಿ," ಎಂದಳು. "ಅಷ್ಟೂನೂ."

ಮರಿಯಿಂದ ಸಾಕಿದ ಕೋಳಿಗಳು. ಒಂದೊಂದಕ್ಕೂ ಹೆಸರಿಟ್ಟಿದ್ದಳು. ಅವನ್ನು ಗಾಡಿಗೆ ತುಂಬುವಾಗ ಹೊರಗೆ ಬಂದು ನೋಡಲೂ ಇಲ್ಲ. ಬ್ಯಾರನ್ ಬಾಗಿಲಿಗೆ ಅಡ್ಡಪಟ್ಟಿ ಬಡಿದೆ. ಅದರ ಒಳಗೆ ನಾವಿಬ್ಬರೂ ಮತ್ತೆ ಹೋಗಿಲ್ಲ.

ಇದೆಲ್ಲ ಆಗಿ ವರ್ಷದ ಮೇಲಾಯಿತು. ಸವಿತಾ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಆ ಮೊಟ್ಟೆಯಲ್ಲಿ ಏನಿತ್ತು ಎಂದು ಎಷ್ಟೋ ಸಲ ಕೇಳಿದೆ. ಒಂದೇ ಸಲ ಅರ್ಧ ಮಾತು ಹೇಳಿದಳು: "ಅದು ಕಣ್ಣು ಬುಟ್ಟಿತ್ತು ಕಣ್ರೀ..." ಅಷ್ಟು ಹೇಳಿ, ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡಿದಳು. ಆಮೇಲೆ ನಾನು ಕೇಳಿಲ್ಲ.

ಈಗ ನಾನು ಮುದ್ದೆಯನ್ನೂ ಚಮಚದಲ್ಲಿ ತಿನ್ನುತ್ತೇನೆ. ಮದುವೆಮನೆ ಪಂಕ್ತಿಯಲ್ಲಿ ಚಮಚ ಕೇಳಿದರೆ ಜನ ನಗುತ್ತಾರೆ. "ಏನ್ಲಾ, ದೊರೆ ಆಗ್ಬುಟ್ಯಾ?" ಎನ್ನುತ್ತಾರೆ. ನಾನೂ ನಗುತ್ತೇನೆ. ಕೆಲವು ಸಂಜೆ, ಏಳೂವರೆ ಸುಮಾರಿಗೆ, ನನ್ನ ಬಲ ಅಂಗೈ ತಾನಾಗಿಯೇ ಒದ್ದೆಯಾಗುತ್ತದೆ ಎಂದು ಅವರಿಗೆ ಹೇಗೆ ಹೇಳಲಿ...

ಮಂಗಳ ಮಾತ್ರ ನಗುವುದಿಲ್ಲ. ಮೊನ್ನೆ ಗಮನಿಸಿದೆ, ಅವಳ ತಟ್ಟೆಯಲ್ಲೂ ಒಂದು ಚಮಚ ಇತ್ತು.