ಆರು ಮೂಲೆಯ ಇಟ್ಟಿಗೆ

ತುರ್ಸುನ್ ಮಾಸ್ತರರು ತಲೆ ಎತ್ತಿ ನಡೆದದ್ದನ್ನು ನಾನು ನೋಡಿಯೇ ಇಲ್ಲ. ಮ್ಯೂನಿಕ್ಕಿಗೆ ಬಂದ ಜನ ಗೋಪುರ ನೋಡುತ್ತ ಎಡವಿ ಬೀಳುತ್ತಾರೆ. ಇವರು ಮೂವತ್ತು ವರ್ಷ ಅದೇ ಊರಲ್ಲಿದ್ದು ನೋಡಿದ್ದು ನೆಲವನ್ನೇ. ಹೊಸ ಬೀದಿಗೆ ತಿರುಗುವ ಮುಂಚೆ ನಿಂತು ಹಾಸುಗಲ್ಲು ನೋಡುವರು, ಬೇಸರದಿಂದ ತಲೆಯಾಡಿಸುವರು, ಆಮೇಲೆ ಹೆಜ್ಜೆ. ಮೊದಲ ಸಲ ಕಂಡಾಗ ಏನೋ ಕಳೆದುಕೊಂಡಿದ್ದಾರೆಂದು ನಾನೂ ಬಗ್ಗಿ ಹುಡುಕಿದ್ದೆ.

"ಏನೂ ಕಳದಿಲ್ಲ ತಮ್ಮಾ. ಈ ಊರಾಗ ಕಲ್ಲು ಏನೂ ಹೇಳೂದಿಲ್ಲ, ಅಷ್ಟ," ಅಂದರು.

ಅಂದದ್ದು ಜರ್ಮನ್ನಿನಲ್ಲಿ. ಅವರದೂ ಹರಕು ಜರ್ಮನ್, ನನ್ನದೂ ಅಷ್ಟೇ. ಆದರೆ ಅವರ ಮಾತು ನನಗೆ ನೆನಪಾಗುವುದು ನಮ್ಮ ವಿಜಯಪುರದ ಕನ್ನಡದಲ್ಲಿ. ಹಾಗೇ ಬರೆಯುತ್ತೇನೆ, ಅವರು ಬೇಡ ಅನ್ನುತ್ತಿರಲಿಲ್ಲ.

ಅವರ ಊರು ಕಾಶ್ಗರ್, ಚೀನಾದ ಪಶ್ಚಿಮದ ತುದಿ. ಅಲ್ಲಿ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದವರು ಇಲ್ಲಿಗೆ ಬಂದು ಒಂದು ಆಸ್ಪತ್ರೆಯ ಅಡಿಗೆಮನೆಯಲ್ಲಿ ಪಾತ್ರೆ ತೊಳೆದು ನಿವೃತ್ತರಾದರು. ಒಂಟಿ ಜೀವ. ಕಾರು ಕಂಪನಿಯ ಕೆಲಸದಲ್ಲಿ ನಾನು ಹಗಲೆಲ್ಲ ಹೊರಗೆ. ನನ್ನ ಪಾರ್ಸೆಲ್ಲುಗಳನ್ನು ಕೆಳಗಿನ ಮನೆಯ ಇವರು ಇಸಿದುಕೊಳ್ಳುತ್ತಿದ್ದರು. ಸ್ನೇಹ ಶುರುವಾದದ್ದು ಹಾಗೆ.

ಪಾರ್ಸೆಲ್ ತರಲು ಹೋದರೆ ಪಾಠ ತಪ್ಪುತ್ತಿರಲಿಲ್ಲ. ತಾವೇ ಸುಟ್ಟ ದೊಡ್ಡ ದುಂಡು ರೊಟ್ಟಿಯನ್ನು ಮೇಜಿನ ನಡುವೆ ಇಡುವರು. "ಇದು ತಕ್ಲಮಕಾನ್ ಮರುಭೂಮಿ. ರೇಷ್ಮೆ ಹೊತ್ತ ಒಂಟಿ ನಡುವ ಹಾಯ್ದು ಹೋದ್ರ ಸಾಯ್ತಾವ. ಅದಕ ಬಡಗಣ ಅಂಚಿಗುಂಟ ಒಂದು ದಾರಿ, ತೆಂಕಣ ಅಂಚಿಗುಂಟ ಒಂದು." ಎರಡು ಚಮಚ ಇಟ್ಟು, ಅವುಗಳ ತುದಿ ಕೂಡುವಲ್ಲಿ ಚಹಾದ ಬಟ್ಟಲು. "ಎರಡೂ ಬಂದು ಸೇರೂದು ಇಲ್ಲೆ. ನಮ್ಮೂರು. ಮೊಣಕೈ ಸರಸಬ್ಯಾಡ, ಅದು ಪಾಮೀರ್ ಪರ್ವತ. ಆ ಕಡಿಂದ ನಿಮ್ಮ ಮಂದಿ ನೀಲಿ ಬಣ್ಣ, ಮಸಾಲಿ ತರತಿದ್ರು. ಮೊದಲ ಬೌದ್ಧ ಭಿಕ್ಷುಗಳು ಬಂದ್ರು, ಆಮ್ಯಾಲೆ ನಮ್ಮ ಮಸೀದಿ ಬಂದ್ವು. ರಾಜರು ಬಂದ್ರು, ಹೋದ್ರು. ಯಾರಽ ಬರಲಿ, ಒಂಟಿಗೆ ನೀರು ಕುಡಿಸೂದು ನಮ್ಮ ಕೆಲಸ." ಪಾಠ ಮುಗಿದ ಮೇಲೆ ಮರುಭೂಮಿಯನ್ನು ಮುರಿದು ಚಹಾದಲ್ಲಿ ಅದ್ದಿ ಇಬ್ಬರೂ ತಿನ್ನುತ್ತಿದ್ದೆವು.

ಅವರು ಬಿಟ್ಟುಬಂದ ಮೇಲೆ ಹಳೇ ಊರಿನ ಮಣ್ಣಿನ ಮನೆಗಳನ್ನು ಬಹುಪಾಲು ಕೆಡವಿ ಹೊಸದಾಗಿ ಕಟ್ಟಿದ್ದರು. ಮಾಸ್ತರರು ಹಳೆಯದನ್ನು ನೆನಪಿನಿಂದ ಒಂದು ಉದ್ದನೆಯ ಕಾಗದದ ಮೇಲೆ ಬರೆಯುತ್ತಿದ್ದರು, ಪೆನ್ಸಿಲ್ಲಿನಲ್ಲಿ, ಓಣಿ ಓಣಿಯಾಗಿ. ಒಂದೊಂದು ಓಣಿಯ ಇಟ್ಟಿಗೆಯೂ ಅದರಲ್ಲಿತ್ತು. ಆರು ಮೂಲೆಯ ಇಟ್ಟಿಗೆ ಹಾಸಿದ್ದರೆ ದಾರಿ ಮುಂದೆ ಹೋಗುತ್ತದೆ. ನಾಲ್ಕು ಮೂಲೆಯದಿದ್ದರೆ ಕೊನೆಗೆ ಗೋಡೆ. ಪರಊರಿನ ವ್ಯಾಪಾರಿ ಯಾರನ್ನೂ ಕೇಳಬೇಕಿಲ್ಲ, ನೆಲ ನೋಡಿದರೆ ಸಾಕು. ಖಾತ್ರಿಯಿಲ್ಲದ ಕಡೆ ಅವರು ಗೆರೆ ಎಳೆಯುತ್ತಿರಲಿಲ್ಲ. "ತಪ್ಪು ಬರಿಯೂಕಿಂತ ಖಾಲಿ ಬಿಡೂದು ಚಲೋ," ಅನ್ನುವರು.

ಅಂಥ ಒಂದು ಖಾಲಿ ಜಾಗ ನಾಲ್ಕು ಮೂಲೆಯ ಇಟ್ಟಿಗೆಯ ಒಂದು ಓಣಿಯ ಕೊನೆಯಲ್ಲಿತ್ತು. ಅಲ್ಲಿ ಗೋಡೆಗೆ ಹೊಂದಿಕೊಂಡ ಮನೆ ಅವರ ತಂಗಿ ಪಾತಿಗುಲ್‌ಳದು. ಕೆಡವದೆ ಉಳಿದ ಓಣಿಗಳಲ್ಲಿ ಅದೂ ಒಂದೆಂದು ಅವರು ನಂಬಿದ್ದರು. ಮನೆ ಬರೆದಿದ್ದರು, ಬಾಗಿಲು ಬರೆದಿರಲಿಲ್ಲ. ಅವರ ಕಡೆ ಬಾಗಿಲಿಗೆ ಎರಡು ಕದ. ಎರಡೂ ತೆರೆದಿದ್ದರೆ ಮನೆಯಲ್ಲಿ ಗಂಡಸಿದ್ದಾನೆಂದು ಅರ್ಥ, ಒಂದೇ ತೆರೆದಿದ್ದರೆ ಹೆಂಗಸರಷ್ಟೇ. ವಿಧವೆ ಪಾತಿಗುಲ್‌ಗೆ ಇದ್ದವನು ಒಬ್ಬನೇ ಮಗ. ಕೆಲವು ವರ್ಷದ ಹಿಂದೆ ಪೊಲೀಸರು ಅವನನ್ನು ಹಿಡಿದುಕೊಂಡು ಹೋದರು. ಹೊರದೇಶದಿಂದ ಫೋನ್ ಬಂದರೂ ಅಲ್ಲಿ ಅನುಮಾನ. ಆಮೇಲೆ ಒಂದು ದಿನ ಅವಳು, "ಅಣ್ಣಾ, ಇನ್ನ ಫೋನ್ ಮಾಡಬ್ಯಾಡ," ಎಂದು ಇಟ್ಟುಬಿಟ್ಟಳು. ಮಗ ತಿರುಗಿ ಬಂದನೋ ಇಲ್ಲವೋ ಮಾಸ್ತರರಿಗೆ ಗೊತ್ತಿರಲಿಲ್ಲ.

ಆಫೀಸಿನವರು ನನ್ನನ್ನು ಶಾಂಘೈಗೆ ಕಳಿಸಿದಾಗ, ರಜೆ ಹಾಕಿ ಕಾಶ್ಗರಿಗೂ ಹೋಗಿ ಬರುತ್ತೇನೆಂದು ದೊಡ್ಡಸ್ತಿಕೆಯಿಂದ ಹೇಳಿದೆ. ಮೂರನೆಯ ದಿನ ಅವರು ಮೇಲೆ ನನ್ನ ಮನೆಗೆ ಬಂದರು.

"ಬಾಗಲಾ ಬಡೀಬ್ಯಾಡ. ನನ್ನ ಹೆಸರು ತಗೀಬ್ಯಾಡ. ದಾರಿ ತಪ್ಪಿ ಬಂದವ್ರಂಗ ಓಣ್ಯಾಗ ಹೋಗು. ಒಂದು ಕದ ತೆರದೈತೋ, ಎರಡೂ ತೆರದಾವೋ, ನೋಡಿ ತಿರುಗಿ ಬಾ. ಅಷ್ಟ ಸಾಕು ನನಗ."

ನಕ್ಷೆ ಒಯ್ಯಲು ಬಿಡಲಿಲ್ಲ. ಶಾಲೆಯ ಹುಡುಗನಂತೆ ನನ್ನಿಂದ ಬಾಯಿಪಾಠ ಮಾಡಿಸಿದರು.

ಕಾಶ್ಗರ್ ಚೆಂದವಾಗಿತ್ತು, ಅದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಸಾಲು ದೀಪ, ಕಾಫಿ ಅಂಗಡಿ, ಬಾಡಿಗೆಯ ಪೋಷಾಕು ತೊಟ್ಟು ಫೋಟೋ ತೆಗೆಸಿಕೊಳ್ಳುವ ಹುಡುಗಿಯರು, ಕಂಬ ಕಂಬಕ್ಕೂ ಕ್ಯಾಮೆರಾ. ಎರಡು ದಿನ ಹುಡುಕಿದೆ. ನನ್ನ ಬಾಯಿಪಾಠದ ಪ್ರಕಾರ ಆ ಓಣಿ ಇರಬೇಕಾದಲ್ಲಿ ಸಾಲಾಗಿ ಅಂಗಡಿಗಳಿದ್ದವು. ಎಲ್ಲ ಅಂಗಡಿಗೂ ಎರಡೂ ಕದ ಹಾರುಹೊಡೆದಿದ್ದವು. ಯಾರನ್ನೂ ಕೇಳಲಿಲ್ಲ. ಉತ್ತರ ಕೊಟ್ಟವರಿಗೆ ಏನಾದೀತೋ ಎಂಬ ಹೆದರಿಕೆ ನಿಜ, ನನಗೇನಾದೀತೋ ಎಂಬ ಹೆದರಿಕೆ ಅದಕ್ಕಿಂತ ನಿಜ.

ನಿಜ ಹೇಳಬೇಕೆಂದೇ ವಿಮಾನದಲ್ಲಿ ನಿಶ್ಚಯಿಸಿದ್ದೆ. ಮನೆಗೆ ಬಂದು ಬ್ಯಾಗು ಇಳಿಸುವುದರೊಳಗೆ ಮಾಸ್ತರರು ಚಹಾದ ಕೆಟಲ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಗಡ್ಡ ಬೋಳಿಸಿ ಇಸ್ತ್ರಿಯ ಅಂಗಿ ಹಾಕಿದ್ದರು. ಆ ಅಂಗಿ ನೋಡಿ ನನ್ನ ನಿಶ್ಚಯ ಹೋಯಿತು.

"ಎರಡೂ ತೆರೆದಿದ್ವರಿ," ಅಂದೆ.

ನನ್ನ ಎರಡೂ ಕೈ ಹಿಡಿದು ಅತ್ತರು. ಅತ್ತು ಮುಗಿಸಿ, ಎಷ್ಟಾದರೂ ಮಾಸ್ತರರಲ್ಲವೆ, ಕೇಳಿದರು: "ಓಣ್ಯಾಗ ಇಟ್ಟಂಗಿ ಯಾವುದಿತ್ತು?"

ಅವರನ್ನು ಇನ್ನಷ್ಟು ಸಂತೋಷಪಡಿಸುವ ಅವಸರದಲ್ಲಿ, "ಆರು ಮೂಲೀದರಿ. ಮೊದಲಿನಂಗಽ ಐತಿ," ಅಂದುಬಿಟ್ಟೆ.

ಮಾತು ಬಾಯಿಂದ ಬಿದ್ದ ಕೂಡಲೇ ನನಗೆ ತಿಳಿಯಿತು, ಅದು ನಾಲ್ಕು ಮೂಲೆಯ ಇಟ್ಟಿಗೆಯ ಓಣಿ. ಅವರು ಮೆಲ್ಲಗೆ ಕೈ ಬಿಟ್ಟರು.

"ಹೂಂ. ಚಹಾ ಆರತೈತಿ, ಕುಡಿ," ಅಂದರು.

ಮತ್ತೆಂದೂ ಆ ಸುದ್ದಿ ತೆಗೆಯಲಿಲ್ಲ. ನಿಜ ಹೇಳಿಬಿಡಬೇಕೆಂದು ಎಷ್ಟೋ ಸಲ ಕೆಳಗಿಳಿದು ಹೋಗಿ, ಪಾರ್ಸೆಲ್ ಬಂದಿದೆಯಾ ಎಂದು ಕೇಳಿ ವಾಪಸು ಬಂದೆ. ಮೇಜಿನ ಮೇಲೆ ರೊಟ್ಟಿ ಇರುತ್ತಿತ್ತು, ಪಾಠ ಇರುತ್ತಿರಲಿಲ್ಲ. ಆ ಚಳಿಗಾಲದಲ್ಲಿ ಎದೆನೋವೆಂದು ತಾವು ಪಾತ್ರೆ ತೊಳೆದ ಆಸ್ಪತ್ರೆಗೇ ಸೇರಿದವರು ಮರಳಲಿಲ್ಲ.

ಅವರ ಮನೆ ಖಾಲಿ ಮಾಡಿಸಿದ ಹೌಸ್‌ಮೈಸ್ಟರ್, ಕಟ್ಟಡ ನೋಡಿಕೊಳ್ಳುವವನು, ಒಂದು ಕಾಗದದ ಸುರುಳಿ ತಂದುಕೊಟ್ಟ. ಮೇಲೆ ನನ್ನ ಹೆಸರಿತ್ತು. ಬಿಚ್ಚಿ ಮೊದಲು ಹುಡುಕಿದ್ದು ಪಾತಿಗುಲ್‌ಳ ಓಣಿಯನ್ನು. ರಬ್ಬರಿನಿಂದ ಅಳಿಸಿ ಅಳಿಸಿ ಅಲ್ಲಿ ಕಾಗದ ತೆಳ್ಳಗಾಗಿತ್ತು. ಕೊನೆಯ ಗೋಡೆ ಇರಲಿಲ್ಲ, ಓಣಿ ಮುಂದಿನ ಬೀದಿಗೆ ಹೋಗಿ ಸೇರಿತ್ತು. ಉದ್ದಕ್ಕೂ ಆರು ಮೂಲೆಯ ಇಟ್ಟಿಗೆ, ಒಂದೊಂದನ್ನೂ ಬಿಡಿಸಿ ಬರೆದಿದ್ದರು. ಖಾಲಿ ಬಿಟ್ಟಿದ್ದ ಜಾಗದಲ್ಲಿ ಬಾಗಿಲಿತ್ತು, ಎರಡೂ ಕದ ತೆರೆದಿದ್ದವು.

ಅಷ್ಟು ದೊಡ್ಡ ನಕ್ಷೆಯಲ್ಲಿ ತಪ್ಪು ಅದೊಂದೇ. ಅದು ನನ್ನದು.