ಬೆರಳು ಒಪ್ಪಬೇಕು

ಪೀಣ್ಯದ ನಮ್ಮ ಷೆಡ್ಡಿನಲ್ಲಿ ಹಿತ್ತಾಳೆ ದೀಪಗಳಿಗೆ ಪಾಲಿಶ್ ಹಾಕುತ್ತಿದ್ದ ಮೇಸ್ತ್ರಿ ಯಾವ ಸಾಮಾನನ್ನೂ ನೋಡಿ ಒಪ್ಪಿದವರಲ್ಲ. ಕಣ್ಣು ಮುಚ್ಚಿ, ಹೆಬ್ಬೆರಳು ಆಡಿಸಿ, "ಕಣ್ಣಿಗೇನ್ ಗೊತ್ತಾಯ್ತದೆ? ಬೆರಳು ಒಪ್ಬೇಕು" ಅನ್ನುತ್ತಿದ್ದರು.

ಆ ದೀಪಗಳು ಇಟಲಿಯ ವಿನ್ಯಾಸ ಹಬ್ಬಕ್ಕೆ ಆಯ್ಕೆಯಾದವು. ಊರಿಗೆ ಊರೇ ಬಾಗಿಲು ತೆರೆದು ಕುರ್ಚಿ, ದೀಪ ತೋರಿಸುವ ಹಬ್ಬವಂತೆ. ಮೇಸ್ತ್ರಿಯನ್ನೂ ಕರೆದೊಯ್ಯುವುದೆಂದು ಮಾಲೀಕರು ತೀರ್ಮಾನಿಸಿದರು. ಆದರೆ ವೀಸಾ ಕಚೇರಿಯ ಯಂತ್ರಕ್ಕೆ ಅವರ ಬೆರಳಚ್ಚೇ ಸಿಗಲಿಲ್ಲ. ಉಜ್ಜಿ ಉಜ್ಜಿ ಗೆರೆಗಳು ಸವೆದಿದ್ದವು. "ಹತ್ತು ದಿನ ಕೆಲಸ ಬಿಟ್ಟು ಬನ್ನಿ, ಗೆರೆ ಮೂಡುತ್ತೆ. ಇನ್ನೊಂದೇ ಸಲ ನೋಡೋದು" ಅಂದರು ಅಲ್ಲಿನವರು.

ಒಂಬತ್ತು ದಿನ ಮೇಸ್ತ್ರಿ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಾಣಂತಿಯಂತೆ ಮೂಲೆಯಲ್ಲಿ ಕೂತರು. ತೆಳ್ಳಗೆ ಗೆರೆ ಮೂಡಿತು. ಊಟದ ಹೊತ್ತಿಗೆ ಎಲ್ಲರಿಗೂ ತೋರಿಸಿದ್ದೇ ತೋರಿಸಿದ್ದು.

ಹತ್ತನೆಯ ದಿನ ದೀಪಗಳನ್ನು ಪೆಟ್ಟಿಗೆಗೆ ತುಂಬುವಾಗ ಸುಮ್ಮನೆ ಒಂದರ ಮೇಲೆ ಹೆಬ್ಬೆರಳಾಡಿಸಿದರು. ಮುಖ ಬಿಗಿಯಿತು.

"ಇದು ಒರಟೈತೆ."

"ನಮಗೇನೂ ಕಾಣ್ತಿಲ್ಲ ಮೇಸ್ತ್ರಿ. ನಾಳೆ ವೀಸಾ ಐತೆ, ಮುಟ್ಬೇಡಿ, ಕೈ ಮುಗೀತೀನಿ" ಅಂದೆ.

ಅವರಾಗಲೇ ಉಜ್ಜುಕಾಗದ ಹರಿಯುತ್ತಿದ್ದರು.

"ಗ್ಲೌಸಾದ್ರೂ ಹಾಕ್ಕೊಳ್ರೀ!"

"ಗ್ಲೌಸ್ ಹಾಕ್ಕೊಂಡು ಮಗೀನ ಮುಟ್ತೀಯೇನಪ್ಪಾ?"

ಅವರು ಉಜ್ಜುತ್ತಲೇ ಇದ್ದರು. ಕಾಗದದ ಸದ್ದೊಂದೇ. ಸಂಜೆಯ ಹೊತ್ತಿಗೆ ದೀಪ ನುಣುಪಾಗಿತ್ತು, ಬೆರಳೂ ನುಣುಪಾಗಿತ್ತು. ಕಣ್ಣು ಮುಚ್ಚಿ ಸವರಿ, "ಒಪ್ತು, ಪೆಟ್ಟಿಗೆ ಮುಚ್ಚು" ಅಂದರು.

ಮರುದಿನ ಅವರು ವೀಸಾ ಕಚೇರಿಗೆ ಹೋಗಲಿಲ್ಲ. ಅದಕ್ಕೆಂದು ಹೊಲಿಸಿದ್ದ ಹೊಸ ಅಂಗಿ ತೊಟ್ಟು, ಎಂದಿನ ಹೊತ್ತಿಗೆ ಕೆಲಸಕ್ಕೆ ಬಂದರು.